ಪಾಕದ ಮುಂದೆ ಕೂತವಳು

೧೨ ನವೆಂಬರ್ ೧೯೯೮, ಗುರುವಾರ. ಕೋಥರೂಡ.

ಕಂಡವರ ವಹಿ ತೆರೆದು ಓದಲು ನಾಚಿಕೆಯಾಗುವುದಿಲ್ಲವೇ? ಮೊಮ್ಮಗಳು ಮಂಜರಿ ಅಲ್ಲದಿದ್ದರೆ ಮುಚ್ಚಿಟ್ಟು ನಡಿ.

ಮನೆಯವರು ತೀರಿಕೊಂಡು ಇಂದಿಗೆ ಇಪ್ಪತ್ತು ದಿನ. ಮಂಜರಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡದೆ ಏನು ಮಾಡಿಯಾಳು? ಹದಿಮೂರನೆಯ ದಿನ ನೆಂಟರೆಲ್ಲರ ಎದುರು ನಾನೇ ಅಂದೆ, "ಅಜ್ಜನ ಜೀವಾ ಹೋಗೂ ಹೊತ್ತಿನ್ಯಾಗ ದೀಪಾ ಹಚ್ಚಿ ನೀರು ನೋಡ್ಕೋತ ಕೂತಿದ್ದಿ."

ಅದು ನೀರಲ್ಲ, ನನಗೆ ಗೊತ್ತು. ತನ್ನ ಪ್ರಯೋಗಾಲಯದಲ್ಲಿ ದ್ರವ ತಣಿದು ಗಾಜಾಗುವಾಗ ಅದರೊಳಗೆ ಕೆಂಪು ಬೆಳಕು ಬಿಡುತ್ತಾಳೆ. ಚದುರಿದ ಬೆಳಕು ಮಿಣಮಿಣ ಕುಣಿಯುತ್ತದಂತೆ. ಗಟ್ಟಿಯಾಗುತ್ತ ಬಂದ ಹಾಗೆ ಆ ಕುಣಿತ ನಿಧಾನವಾಗುತ್ತದಂತೆ. "ನಿನ್ನ ಶೇಂಗಾ ಚಿಕ್ಕಿ ಪಾಕದಂಗ ಅಜ್ಜಿ, ನಡುವ ಬಿಟ್ಟು ಏಳಂಗಿಲ್ಲ" ಅಂದಿದ್ದಳು.

ಆ ದಿನ ಮಂಜರಿಯನ್ನು ಕರೆಯಲೆಂದು ಫೋನು ನನ್ನ ಕೈಯಲ್ಲೇ ಇತ್ತು. ಮನೆಯವರೇ ತಡೆದರು. "ಅಕಿನ್ನ ಕರೀಬ್ಯಾಡ. ಪಾಕದ ಮುಂದ ಕೂತಾಕಿನ್ನ ಎಬ್ಬಿಸಬಾರದು ಅಂತ ನೀನ ಅಂತಿದ್ದೆಲಾ." ನಾನು ಕರೆಯಲಿಲ್ಲ. ಕರೆಯಲಿಲ್ಲವೆಂದು ಯಾರಿಗೂ ಹೇಳಲೂ ಇಲ್ಲ. ಅವರ ನಾಡಿ ಹಿಡಿದು ಕೂತಿದ್ದೆ. ಅದೂ ಹಾಗೆಯೇ ನಿಧಾನವಾಯಿತು.

ಮಂಜರಿ, ಈ ಹಾಳೆ ಹರಿದು ನಿನ್ನ ಹಾಸ್ಟೆಲ್ಲಿಗೆ ಕಳಿಸುತ್ತೇನೆ. ಬೈದಾದರೂ ಬರೆ, ಡಿಸೆಂಬರ್ ಶುರುವಾಗುವುದರೊಳಗೆ.