ಬಿಚ್ಚಿ ಹೊಲಿದ ಏಪ್ರನ್

ಅಮ್ಮಾ,

ನೀನು ತೀರಿಕೊಂಡು ಮೂರು ತಿಂಗಳಾಯಿತು, ಇದನ್ನು ಎಲ್ಲಿಗೆ ಕಳಿಸಲಿ? ಆದರೂ ಹೇಳದೆ ಇರಲಾಗುತ್ತಿಲ್ಲ. ನಿನ್ನ ಮೊಮ್ಮಗಳಿಗೆ ಇವತ್ತಿಗೆ ಒಂಬತ್ತು ದಿನ.

ಕೆಲಸ ಹೋದೀತೆಂದು ಗಾರ್ಮೆಂಟ್ಸಿನಲ್ಲಿ ಬಸಿರನ್ನು ಏಳು ತಿಂಗಳು ತುಂಬುವವರೆಗೆ ಬಚ್ಚಿಟ್ಟು, ಆಮೇಲೆ ಹುಷಾರಿಲ್ಲವೆಂದು ರಜೆ ಹಾಕಿದ್ದೆ. ಅಲ್ಲಿಯವರೆಗೂ, ದಿನಾ ಅಲ್ಲೇ ಕಳಚಿಟ್ಟು ಬರುತ್ತಿದ್ದ ಏಪ್ರನ್ ಬಿಗಿಯಾಗಲೇ ಇಲ್ಲ. ಹೊಟ್ಟೆ ಯಾರಿಗೂ ಕಾಣುತ್ತಿಲ್ಲ ಎಂದೇ ನಂಬಿದ್ದೆ.

ಇವತ್ತು ಬೆಳಿಗ್ಗೆ ನಮ್ಮ ಸೂಪರ್‌ವೈಸರಮ್ಮ, ನಾನು ಒಳಗೊಳಗೇ ಗರಗಸ ಎಂದು ಬೈಯುತ್ತಿದ್ದವಳು, ಆರು ಹೆಂಗಸರನ್ನು ಕಟ್ಟಿಕೊಂಡು ಮನೆಗೇ ಬಂದಳು. ಒಬ್ಬಳು ಒಲೆ ಹಚ್ಚಿದಳು, ಇನ್ನೊಬ್ಬಳು ಮಗುವಿನ ಬಟ್ಟೆ ನೆನೆಹಾಕಿದಳು. ಗರಗಸ ನನ್ನ ಏಪ್ರನ್ನನ್ನು ತಂದು ನನ್ನ ಮಡಿಲಿಗೆ ಹಾಕಿದಳು. ತಿರುವಿ ನೋಡಿದರೆ, ಪಕ್ಕದ ಹೊಲಿಗೆ ಬಿಚ್ಚಿ ಬಿಚ್ಚಿ ಹೊಲಿದ ಐದು ಸಾಲು ಸೂಜಿತೂತು!

"ತಿಂಗಳಿಗೊಂದ್ಸಲ, ನೀನು ಮನೆಗೆ ಹೋದ್ಮೇಲೆ ಸಡಿಲ ಮಾಡ್ತಿದ್ವಿ ಕಣೇ. ಹೊಲಿಯೋರ ಕಣ್ಣಿಗೆ ಅಳತೆ ತಪ್ಪುತ್ತಾ?" ಎಂದಳು.

ಅಮ್ಮಾ, ನೀನೂ ಹೊಲಿಯುವವಳೇ ಅಲ್ಲವಾ?

ನಾನು ಊರು ಬಿಡುವ ದಿನ ನೀನು ಹೊಲಿದು ಕೊಟ್ಟ ಮೂರು ಅಂಗಿಗಳು ಎಷ್ಟು ಸಡಿಲವಾಗಿದ್ದವು! ಬಸಿರಿನ ವಿಷಯ ಆಗಿನ್ನೂ ನಿನಗೂ ಹೇಳಿರಲಿಲ್ಲ. "ಮಗಳ ಅಳತೆನೂ ಮರೆತುಹೋಯ್ತಾ?" ಎಂದು ಸಿಡುಕಿ, ಮೂರನ್ನೂ ಮಂಚದ ಮೇಲೆ ಬಿಸಾಕಿದೆ.

ನೀನು ಅವನ್ನು ಮತ್ತೆ ಮಡಿಸತೊಡಗಿದ್ದೆ.