ಎಡಗೈಗೆ ಬಿಟ್ಟ ಬಿಗಿ

ಜೂನ್ ೧೪, ಶುಕ್ರವಾರ

ಇವತ್ತು ಕೈ ನೋಯಲಿಲ್ಲ! ತಿಂಗಳಿಂದ ಹೆಬ್ಬೆರಳಿನ ಬುಡ ಕಿತ್ತು ಬರುವಂತಿತ್ತು. ಪೊಲೀಸ್ ಇಲಾಖೆ ಕೊಟ್ಟ ಹೊಸ ಪಿಸ್ತೂಲು ಎಷ್ಟು ಚಿಕ್ಕದೆಂದರೆ ಅದರ ಹಿಡಿಯಲ್ಲಿ ಕಿರುಬೆರಳಿಗೆ ಜಾಗವೇ ಇಲ್ಲ. ಜಾರೀತೆಂಬ ಭಯಕ್ಕೆ ಬಲಗೈಯಲ್ಲಿ ಅದರ ಕತ್ತು ಹಿಸುಕುತ್ತಿದ್ದೆ. ಅದೂ ಬಿಡದೆ ಪ್ರತಿ ಗುಂಡಿಗೂ ಒದೆಯುತ್ತಿತ್ತು.

ಗುರಿ ಕಲಿಸುವ ಸಾಹೇಬರು ಬೆಳಿಗ್ಗೆ ನೋಡಿ ನಕ್ಕರು. “ಬಲಗೈಲಿ ಯಾರದೋ ಕೈ ಕುಲುಕೋ ಅಷ್ಟು ಬಿಗಿ ಸಾಕಮ್ಮ. ಉಳಿದಿದ್ದು ಎಡಗೈಗೆ ಬಿಡು. ಕಿರುಬೆರಳು ಹಿಡಿಯ ಕೆಳಗೆ ಮಡಚಿಕೊಂಡಿರ್ಲಿ.”

ಹಾಗೇ ಹಿಡಿದೆ. ಐದು ಗುಂಡೂ ಒಂದು ಅಂಗೈ ಮುಚ್ಚುವಷ್ಟು ಜಾಗದಲ್ಲಿ! ಸಾಹೇಬರು ಹೊಗಳುವ ಪೈಕಿಯಲ್ಲ. ಆದರೂ ಹೊಸಬರನ್ನೆಲ್ಲ ಕರೆದು, “ಈಕೆ ಕೈ ನೋಡಿ ಕಲೀರಪ್ಪ” ಎಂದರು.

ನನ್ನ ಕೈ! ಲೋಟ ಬೀಳಿಸಿದಾಗಲೆಲ್ಲ ಅತ್ತೆ ಆಡಿಕೊಳ್ಳುವ ಕೈ. ಊಟದ ಹೊತ್ತಿಗೆ ಅವರಿಗೆ ಹೇಳಿದೆ. “ಹಾಗಾದ್ರೆ ಇನ್ಮೇಲೆ ಲೋಟಾನೂ ಎರಡು ಕೈಲಿ ಹಿಡ್ಕೋ” ಎಂದು ಎದ್ದು ಹೋದರು. ಅಷ್ಟೇ.

ಈಗ ಪಕ್ಕದ ಕೋಣೆಯಲ್ಲಿ ಅತ್ತೆ ತಮ್ಮ ತಂಗಿಗೆ ಫೋನು ಹಚ್ಚಿದ್ದಾರೆ. “ನಮ್ಮ ಸೊಸೆ ಕೈ ನೋಡಿ ಕಲೀರಿ ಅಂದ್ರಂತೆ ಕಣೇ! ಅವಳ ಕೈ ಅಂದ್ರೆ ಏನು ಅಂದ್ಕೊಂಡಿದೀಯಾ ನೀನು?”

ತಾಳು, ಪೆನ್ನು ಕೆಳಗಿಟ್ಟು ಸ್ವಲ್ಪ ಕೇಳಿಸಿಕೊಳ್ಳುತ್ತೇನೆ