ಎರಡು ಹೆಸರಿನ ಪ್ರತಿ

ತುರ್ಕು
ಆಗಸ್ಟ್ 23, 2025

ಪ್ರೀತಿಯ ಮಾರಿಕಾ,

ಹಮಾನೊ ಅವರ ಪುಸ್ತಕದ ಮೂರನೇ ಭಾಗ ಹೊರಬಂದಿದೆ. ಕಳೆದ ಭಾನುವಾರ ಟೋಕಿಯೊದ ಬೇಸಿಗೆ ಮೇಳದಲ್ಲಿ ಮಾರಾಟಕ್ಕಿಟ್ಟಿದ್ದರು, ಮಧ್ಯಾಹ್ನದೊಳಗೆ ಎಲ್ಲ ಪ್ರತಿಗಳೂ ಮುಗಿದವು. ತಿಳಿಸಿದವಳು ಅಲ್ಲಿನ ನಮ್ಮ ಗೆಳತಿ ಚಿಜುರು. ಬೆಳಗಿನಿಂದ ಬಿಸಿಲಲ್ಲಿ ಸಾಲಿನಲ್ಲಿ ನಿಂತವಳು ಅವಳೇ ಆದ್ದರಿಂದ ಸುದ್ದಿಯಲ್ಲಿ ಸಂಶಯವಿಲ್ಲ. ನಮಗೊಂದು ಪ್ರತಿ ಸಿಕ್ಕಿತೇ ಎಂದು ಕೇಳಿದರೆ ಹೌದೆನ್ನಲೂ ಆಗದು, ಇಲ್ಲವೆನ್ನಲೂ ಆಗದು. ಮುಂದೆ ಬರೆಯುತ್ತೇನೆ.

ಮೇ ತಿಂಗಳ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೇಸರಿಸಬೇಡ. ಹೊಸ ಮನೆಗೆ ಒಗ್ಗಿಕೊಂಡೆಯಾ? ಬೆನ್ನುನೋವು ಹೇಗಿದೆ? ಉತ್ತರದ ನಿನ್ನ ಔಲುವಿನಲ್ಲಿ ಇಷ್ಟು ಹೊತ್ತಿಗೆ ಸಂಜೆ ತಣ್ಣಗಾಗಿರಬೇಕು. ಇಲ್ಲಿ ಬೇಸಿಗೆಯಿಡೀ ಬಂದರಿನಲ್ಲಿ ಜನವೋ ಜನ. ಸ್ಟಾಕ್‌ಹೋಮ್ ಹಡಗಿನ ಟಿಕೆಟ್ ಕೌಂಟರಿನಲ್ಲಿ ನಾವು ಇಬ್ಬರೇ, ನಾನು ಮತ್ತು ಸೆಪ್ಪೊ. ಮನೆಗೆ ಬಂದು ಶೂ ಬಿಚ್ಚಿದ ಮೇಲೆ ಕಾಫಿ ಮಾಡಿಕೊಳ್ಳಲೂ ಮನಸ್ಸಾಗುವುದಿಲ್ಲ.

ತಡವಾದದ್ದಕ್ಕೆ ಕೆಲಸ ಮಾತ್ರ ಕಾರಣವಲ್ಲ. ನೆಲಮಾಳಿಗೆಯ ಪೈಪು ಒಡೆದು ಪುಸ್ತಕದ ಪೆಟ್ಟಿಗೆಯೆಲ್ಲ ನೆನೆದುಹೋಯಿತು, ಅದರಲ್ಲಿ ಹಮಾನೊ ಅವರ ಮೊದಲ ಭಾಗವೂ ಇತ್ತು ಎಂದು ನೀನು ಬರೆದಿದ್ದೆ. ಅದನ್ನು ಓದಿದ ಮೇಲೆ ಬರಿಗೈಯಲ್ಲಿ ಸಮಾಧಾನದ ಮಾತು ಬರೆಯಲು ಆಗಲಿಲ್ಲ. ಹಳೆಯ ಪ್ರತಿಯೊಂದನ್ನು ಎಲ್ಲಿಂದಲಾದರೂ ತರಿಸಿ, ಕಾಗದದ ಜೊತೆಗೇ ಕಳಿಸೋಣ ಎಂದುಕೊಂಡೆ. ನಿನ್ನ ಹುಟ್ಟುಹಬ್ಬಕ್ಕೂ ಆಗುತ್ತಿತ್ತು.

ಹುಡುಕುವ ಪಾಡು ನಿನಗೆ ಗೊತ್ತು. ಸೆಪ್ಪೊನಿಗೆ ಗೊತ್ತಿರಲಿಲ್ಲ. ನಾನು ಊಟದ ಹೊತ್ತಿನಲ್ಲೂ ಫೋನು ತಿಕ್ಕುತ್ತಾ ಕೂತದ್ದನ್ನು ನೋಡಿ ಏನೆಂದು ಕೇಳಿದ. ಹೇಳಿದೆ. ದ್ವೀಪವೊಂದರ ಹವಾಮಾನ ಕೇಂದ್ರದ ಇಬ್ಬರು ಮುದುಕಿಯರ ಕಥೆ ಜಪಾನಿನ ಟಿವಿಯಲ್ಲಿ ಅರ್ಧಕ್ಕೇ ನಿಂತುಹೋಯಿತು. ಅದರ ಅಭಿಮಾನಿ ಹಮಾನೊ ಉಳಿದರ್ಧವನ್ನು ತಾವೇ ಬರೆದು, ಚಿತ್ರಿಸಿ, ಸ್ವಂತ ಖರ್ಚಿನಲ್ಲಿ ಕೆಲವೇ ನೂರು ಪ್ರತಿ ಅಚ್ಚು ಹಾಕಿಸಿ ಮೇಳದಲ್ಲಿ ಒಂದು ಮೇಜಿನ ಮೇಲಿಟ್ಟು ಮಾರುತ್ತಾರೆ. ಮತ್ತೆ ಅಚ್ಚಾಗುವುದಿಲ್ಲ, ಹೊರದೇಶಕ್ಕೆ ಕಳಿಸುವುದಿಲ್ಲ. ಅವನು ತನ್ನ ಮೀನಿನ ಬ್ರೆಡ್ಡು ಜಗಿಯುತ್ತಾ, "ಅಂದ್ರೆ ಒಬ್ಬ ಅಭಿಮಾನಿ ಬರೆದಿದ್ದನ್ನ ಇನ್ನೊಬ್ಬ ಅಭಿಮಾನಿ ಕೊಳ್ಳೋದು. ಇದಕ್ಕಿಂತ ಸೌನಾದ ಹಬೆಯಲ್ಲಿ ಕೂತು ಒಬ್ಬರ ಬೆನ್ನು ಒಬ್ಬರು ಉಜ್ಜಿಕೊಂಡ್ರೆ ಅಗ್ಗ ಅಲ್ವೇನೆ ತುಯಿಯಾ?" ಎಂದ. ನಾನು ನಕ್ಕೆ. ಆ ದಿನ ನಕ್ಕದ್ದು ಅದೊಂದೇ ಸಲ.

ಜುಲೈ ಪೂರ್ತಿ ಟೋಕಿಯೊದ ಹಳೆ ಪುಸ್ತಕದಂಗಡಿಗಳ ಪುಟಗಳನ್ನು ಜಾಲಾಡಿದೆ. ಒಂದು ಅಂಗಡಿ ನಮ್ಮ ಬ್ಯಾಂಕ್ ಕಾರ್ಡು ಒಪ್ಪುವುದಿಲ್ಲ. ಇನ್ನೊಂದು ಒಪ್ಪುತ್ತದೆ, ಆದರೆ ಫೋನ್ ನಂಬರು ಜಪಾನಿನದೇ ಬೇಕು. ಮತ್ತೊಂದರಲ್ಲಿ ಕೊನೆಯ ಮೆಟ್ಟಿಲಿನವರೆಗೆ ಹೋದ ಮೇಲೆ, ಈ ವಸ್ತುವನ್ನು ಹೊರದೇಶಕ್ಕೆ ಕಳಿಸುವುದಿಲ್ಲ ಎಂದು ಬರುತ್ತದೆ. ಕಡೆಗೆ ಎಂದಿನಂತೆ ಚಿಜುರುವಿನ ವಿಳಾಸವನ್ನೇ ಕೊಟ್ಟು, ಅವಳಿಗೂ ಹುಡುಕಲು ಹೇಳಿದೆ. ಪಾಪ, ದಿನವಿಡೀ ಔಷಧಿ ಅಂಗಡಿಯಲ್ಲಿ ನಿಂತು ಬಂದು ನಮಗಾಗಿ ಮತ್ತೆ ಅಂಗಡಿ ಸುತ್ತುತ್ತಾಳೆ.

ಒಂದು ಪ್ರತಿ ನನ್ನ ಕಣ್ಣಿಗೆ ಬಿದ್ದಿತ್ತು. ಮುಖಪುಟದ ಚಿತ್ರ ಮಾತ್ರ ಹಾಕಿದ್ದರು. ಕೆಳಗಿದ್ದ ಜಪಾನಿ ಸಾಲನ್ನು ಯಂತ್ರ ಹೀಗೆ ಅನುವಾದಿಸಿತು: ಒಳಪುಟದಲ್ಲಿ ಗೀಚಲಾಗಿದೆ, ಆದ್ದರಿಂದ ಬೆಲೆ ಕಡಿಮೆ. ಯಾರೋ ಗೀಚಿದ ಪುಸ್ತಕವನ್ನು ನಿನ್ನ ಕೈಗೆ ಹೇಗೆ ಕೊಡಲಿ ಎಂದು ಬಿಟ್ಟುಬಿಟ್ಟೆ. ನಾಲ್ಕು ದಿನ ಬಿಟ್ಟು ನೋಡಿದರೆ ಅದು ಮಾರಾಟವಾಗಿತ್ತು.

ಈಗ ಮೇಳದ ವಿಷಯ. ಚಿಜುರು ಫೋನಿನಲ್ಲಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

ಅವಳ ಸರದಿ ಬಂದಾಗ ಹಮಾನೊ ಅವರ ಮೇಜಿನ ಮೇಲೆ ಇನ್ನೂ ಒಂದಿಷ್ಟು ಪ್ರತಿಗಳಿದ್ದವು. ನಾವು ಕಳಿಸಿದ್ದ ಕಪ್ಪು ಉಪ್ಪುಮಿಠಾಯಿಯ ಡಬ್ಬಿ ಕೊಟ್ಟಳು. ಹಿಂದೊಮ್ಮೆ ಅದನ್ನು ಬಾಯಿಗೆ ಹಾಕಿಕೊಂಡು ಇದು ಯಾವ ಕಾಯಿಲೆಗೆ ಎಂದು ಕೇಳಿದ್ದರಲ್ಲ, ಅದೇ ಹಮಾನೊ ಈ ಸಲವೂ ಎರಡೂ ಕೈ ಚಾಚಿ ತೆಗೆದುಕೊಂಡು ತಲೆ ಬಾಗಿಸಿದರು. ಆಮೇಲೆ ಹೊರದೇಶದ ಓದುಗರಿಗೆ ಇನ್ನು ಮುಂದೆ ಕೊಡದಿರಲು ತೀರ್ಮಾನಿಸಿದ್ದೇನೆ, ಕ್ಷಮಿಸಬೇಕು ಎಂದರು. ಚಿಜುರು ಕಾರಣ ಕೇಳಲಿಲ್ಲ. ಅಲ್ಲಿ ಕೇಳುವುದು ಸರಿಯಲ್ಲವಂತೆ. ಅವರೇ ಮೇಜಿನ ಕೆಳಗಿದ್ದ ಬಟ್ಟೆಚೀಲದಿಂದ ಮೊದಲ ಭಾಗದ ಒಂದು ಪ್ರತಿ ತೆಗೆದು, ಒಳಪುಟ ತೆರೆದು ಅವಳ ಮುಂದಿಟ್ಟರು.

ಅದು ನಮ್ಮದು, ಮಾರಿಕಾ. ನಾವಿಬ್ಬರೂ ಸಾಲ ಸೋಲ ಮಾಡಿ ಒಂದೇ ಒಂದು ಸಲ ಆ ಮೇಳಕ್ಕೆ ಹೋದಾಗ ಅವರು ಬಿಡಿಸಿಕೊಟ್ಟ ಇಬ್ಬರು ಮುದುಕಿಯರ ಚಿತ್ರ, ಕೆಳಗೆ ನಮ್ಮ ಹೆಸರು. ಯಾರ ಹೆಸರು ಬರೆಯಲಿ ಎಂದು ಅವರು ಕೇಳಿದಾಗ ನೀನೇ ನಿನ್ನ ಜಪಾನಿಯಲ್ಲಿ, "ಇಬ್ಬರದೂ. ಪುಸ್ತಕ ಒಂದೇ, ಆರು ತಿಂಗಳು ಅವಳ ಮನೇಲಿ, ಆರು ತಿಂಗಳು ನನ್ನ ಮನೇಲಿ" ಎಂದಿದ್ದೆ. ಅವರು ನಕ್ಕಿದ್ದರು.

ಅವರ ಚಿತ್ರವನ್ನೇ ಅಂಗಡಿಯವರು ಗೀಚಿದ್ದು ಎಂದು ಲೆಕ್ಕ ಹಿಡಿದು ಬೆಲೆ ಇಳಿಸಿದ ಚೀಟಿ ಅಂಟಿಸಿದ್ದರು, ನಾನು ನೋಡಿ ಬಿಟ್ಟ ಪ್ರತಿ ಅದೇ. ತಮ್ಮದೇ ಚಿತ್ರವನ್ನು ಹಮಾನೊ ರಿಯಾಯಿತಿ ಬೆಲೆಗೆ ಕೊಂಡು ತಂದಿದ್ದರು. ಚೀಟಿಯನ್ನು ಕಿತ್ತಿರಲಿಲ್ಲವಂತೆ.

ಹೆಸರು ಬರೆಸಿಕೊಂಡ ಪ್ರತಿಯನ್ನು ಯಾರೂ ಮಾರುವುದಿಲ್ಲ. ಬೇಡವಾದರೆ ಆ ಹಾಳೆಯನ್ನಾದರೂ ಕತ್ತರಿಸಿ ತೆಗೆದಿಡುತ್ತಾರೆ. ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಮೇಳಕ್ಕೆ ಬರುವ ಎಲ್ಲರಿಗೂ ಗೊತ್ತು. ನಮಗೂ ಗೊತ್ತು, ನನಗೆ ಹೇಳಿಕೊಟ್ಟವಳೇ ನೀನು.

ಆಮೇಲೆ ಹಮಾನೊ ಮೂರನೇ ಭಾಗದ ಒಂದು ಪ್ರತಿಯನ್ನು ಕಾಗದದಲ್ಲಿ ಸುತ್ತಿ ಚಿಜುರುವಿನ ಕೈಗೆ ಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ. "ಒಬ್ಬರಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬರು ಮಾರಿದ್ದರೆ, ಗೊತ್ತಿಲ್ಲದವರಿಗೆ ಇದು. ಇಬ್ಬರೂ ಕೂಡಿ ಮಾರಿದ್ದರೆ ದಯವಿಟ್ಟು ವಾಪಸ್ ತಂದುಕೊಡಿ" ಎಂದರು.

ಇದು ಕೊನೆಯ ಭಾಗ. ಮುದುಕಿಯರಲ್ಲಿ ಯಾರು ದ್ವೀಪ ಬಿಟ್ಟು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂಬುದು ಇದರಲ್ಲೇ ಇದೆ. ಎಷ್ಟು ವರ್ಷ ಕಾದೆವು.

ಚಿಜುರು ಎಂದೂ ನೇರವಾಗಿ ಕೇಳುವವಳಲ್ಲ. "ತುಯಿಯಾ ಸಾನ್, ನಾನಿದನ್ನ ಕೇಳಬಾರದು. ಆದ್ರೆ ಅವರಿಗೆ ಉತ್ತರ ಕೊಡಬೇಕಲ್ಲ. ನಿಮ್ಮಿಬ್ಬರಲ್ಲಿ ಗೊತ್ತಿಲ್ಲದಿದ್ದವರು ಯಾರು?" ಎಂದಳು.

ಇಬ್ಬರಿಗೂ ಗೊತ್ತಿತ್ತು ಅಂತ ಹೇಳಿ ಎಂದೆ.

ಅವಳು ಇಷ್ಟು ಕೇಳಿದಳು: "ಜುಲೈ ಪೂರ್ತಿ ಆ ಪುಸ್ತಕಾನ ನನ್ನ ಕೈಲಿ ಹುಡುಕಿಸಿದ್ದು ನೀವೇ ಅಲ್ವಾ?"

"ಹೌದು."

"ಆಗ್ಲಿ. ಹಾಗೇ ಹೇಳ್ತೀನಿ."

ಆಮೇಲೆ ಮೇಳದಲ್ಲಿ ತೆಗೆದಿದ್ದ, ನಮ್ಮ ಮೊದಲ ಭಾಗದ ಆ ಪ್ರತಿಯ ಫೋಟೊ ಕಳಿಸಿದಳು. ನೀರಿನ ಕಲೆ ಎಲ್ಲೂ ಇಲ್ಲ.

ನಿನ್ನ ಮೇಲಿನ ಅಕ್ಕರೆಯೊಂದರಿಂದಲೇ ಹಾಗೆ ಹೇಳಿದೆ ಎಂದುಕೊಳ್ಳಬೇಡ. ದಣಿದಿದ್ದೆ. ನಿನ್ನ ಹೆಸರು ಹೇಳಿ ಪುಸ್ತಕ ತರಿಸಿಕೊಂಡರೂ ಅದನ್ನು ಓದಿ ಹೇಳುವವರು ಯಾರು? ನನಗೆ ಅವರ ಭಾಷೆಯ ಒಂದಕ್ಷರವೂ ಬಾರದು. ನಿನ್ನನ್ನು ಬಿಟ್ಟುಕೊಟ್ಟು ತರಿಸಿಕೊಂಡ ಪುಸ್ತಕವನ್ನು ಓದಿ ಹೇಳು ಎಂದು ನಿನಗೇ ಕಳಿಸಲೇ?

ಹೇಗೆ ಆಗಿರಬಹುದು ಎಂಬುದನ್ನೂ ಯೋಚಿಸಿದೆ. ಮಗಳು ಲೀಸಾ ಓದಲೆಂದು ಮನೆಬಿಟ್ಟು ಹೊರಟ ಮೇಲೆ ನೀನು ಚಿಕ್ಕ ಮನೆಗೆ ಬಂದೆ, ಸಾಮಾನು ಇಡಲು ಜಾಗವಿಲ್ಲ. ಹೆಲ್ಸಿಂಕಿಯಿಂದ ವ್ಯಾನು ತಂದು ಚಿತ್ರಕಥೆ ಪುಸ್ತಕಗಳನ್ನು ಪೆಟ್ಟಿಗೆಗಟ್ಟಲೆ ಎತ್ತಿಕೊಂಡು ಹೋಗುವ ವ್ಯಾಪಾರಿಗಳಿದ್ದಾರೆ. ಚೆನ್ನಾಗಿರುವುದನ್ನು ಆರಿಸಿ ಟೋಕಿಯೊಗೇ ವಾಪಸ್ ಮಾರುತ್ತಾರೆ. ಬೆನ್ನುನೋವಿನಲ್ಲಿ, ಪೆಟ್ಟಿಗೆ ಬಿಚ್ಚದೆಯೇ ಕೊಟ್ಟಿರಬೇಕು. ಆಮೇಲೆ ನೆನಪಾಗಿ, ನನಗೆ ಹೇಳಲಾರದೆ, ಪೈಪಿನ ಕಥೆ ಬರೆದೆ. ಇದನ್ನು ನಾನು ನಂಬಲು ಸಿದ್ಧಳಿದ್ದೇನೆ. ಕೇಳಿದ್ದರೆ ನಾನೇ ರೈಲು ಹತ್ತಿ ಬಂದು ಪೆಟ್ಟಿಗೆಗಳನ್ನು ಇಲ್ಲಿಗೆ ತರುತ್ತಿದ್ದೆ. ನನ್ನ ಮನೆಯೂ ಚಿಕ್ಕದೇ, ಆದರೆ ಮಂಚದ ಕೆಳಗೆ ಜಾಗವಿದೆ.

ಹುಟ್ಟುಹಬ್ಬಕ್ಕೆ ಉಣ್ಣೆಯ ಕಾಲುಚೀಲ ಹೆಣೆದಿದ್ದೇನೆ, ಇದರ ಜೊತೆಗಿದೆ. ಬೂದುಬಣ್ಣವೇ ಸಿಕ್ಕಿದ್ದು. ಬೆನ್ನಿಗೆ ಬಿಸಿ ಕಾವು ಕೊಡುವುದನ್ನು ಬಿಡಬೇಡ, ಭಾರ ಎತ್ತಬೇಡ. ಚಳಿಗಾಲ ನಿನಗೆ ಸುಖವಾಗಿ ಕಳೆಯಲಿ. ಲೀಸಾಗೆ ನನ್ನ ಪ್ರೀತಿ ತಿಳಿಸು. ಅವಳ ಓದು ಚೆನ್ನಾಗಿ ಸಾಗಲಿ.

ನಿನ್ನ,
ತುಯಿಯಾ

ಮರೆತಿದ್ದು: ಕಾಗದ ಮುಗಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ನಿನ್ನೆ ಚಿಜುರುವನ್ನು ಇನ್ನೊಂದು ಮಾತು ಕೇಳಿದ್ದೆ. ನೀನು ಪುಟಕ್ಕೊಂದರಂತೆ ಫಿನ್ನಿಶ್‌ನಲ್ಲಿ ಅರ್ಥ ಬರೆದು ಹಾಳೆಗಳ ನಡುವೆ ಇಡುತ್ತಿದ್ದ ಪೆನ್ಸಿಲ್ ಚೀಟಿಗಳು ಆ ಪ್ರತಿಯಲ್ಲಿವೆಯೇ ಎಂದು. ಅವಳು ಹಮಾನೊ ಅವರನ್ನು ವಿಚಾರಿಸಿ ಇಂದು ಬೆಳಿಗ್ಗೆ ತಿಳಿಸಿದಳು. ಒಂದೂ ಇಲ್ಲ. ಹಾಳೆಗಳು ಚೊಕ್ಕವಾಗಿವೆ. ಹಾಗಾದರೆ ಪೆಟ್ಟಿಗೆ ಬಿಚ್ಚದೆ ಕೊಟ್ಟದ್ದಲ್ಲ. ನೀನು ಕೂತು, ಮೊದಲ ಪುಟದಿಂದ ಕೊನೆಯವರೆಗೆ ಒಂದೊಂದೇ ತಿರುವಿ, ಚೀಟಿ ತೆಗೆದಿದ್ದೀಯ. ನಮ್ಮ ಹೆಸರಿನ ಪುಟವನ್ನೂ ತಿರುವಿದ್ದೀಯ. ಮೇಲೆ ಬರೆದದ್ದನ್ನು ಅಳಿಸಿಲ್ಲ, ಅದು ಹಾಗೇ ಇರಲಿ. ಆ ಚೀಟಿಗಳನ್ನು ಎಸೆದಿರದಿದ್ದರೆ ಕಳಿಸಿಕೊಡು.

ಅಕ್ಟೋಬರ್ ಐದರ ಭಾನುವಾರ ಟೋಕಿಯೊದಲ್ಲಿ ಚಿಕ್ಕ ಮೇಳವೊಂದಿದೆ. ಅಲ್ಲಿ ಚಿಜುರು ಮೂರನೇ ಭಾಗವನ್ನು ಹಮಾನೊ ಅವರಿಗೆ ಹಿಂದಿರುಗಿಸುತ್ತಾಳೆ.